ಮೈಕಿನಲ್ಲಿ ಕೂಗಿದ ಹೆಸರು

ನನ್ನ ಸೋದರಮಾವ ಎಂದೂ ಪಕ್ಷ ಬದಲಿಸಿದವರಲ್ಲ. ಅವರನ್ನು ಒಂದು ಮಾತೂ ಕೇಳದೆ, ತುಂಬಿದ ಸಭೆಯಲ್ಲಿ ಮೈಕಿನಿಂದ ಹೆಸರು ಕೂಗಿ, ಪಕ್ಷ ಬದಲಿಸಿದವರಂತೆ ಮಾಡಿದ್ದು ನಾನು. ಆಮೇಲೆ, ಆ ಹೆಸರನ್ನು ನನಗೆ ಹೇಳಿಕೊಟ್ಟದ್ದು ಬೇರೆಯವರು ಎಂದು ಮನೆಯವರನ್ನೆಲ್ಲ ನಂಬಿಸಿದ್ದೂ ನಾನೇ.

ಇಷ್ಟು ಖಚಿತ. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು. ಅವತ್ತು ನಾನು ಉಟ್ಟದ್ದು ಹಸಿರು ಸೀರೆ ಎಂದು ನನ್ನ ನೆನಪು; ನೀಲಿ ಎನ್ನುತ್ತಾರೆ ಮಾವನ ಹೆಂಡತಿ, ನನ್ನ ಅತ್ತೆ. ಸಭೆ ನಡೆದ ಮೈದಾನದ ಅಂಚಿನಲ್ಲಿ ಒಂದು ಗೋಳಿಮರ ಇತ್ತು ಎಂದುಕೊಂಡಿದ್ದೆ. ಈಚೆಗೆ ಬೈಂದೂರಿಗೆ ಹೋದಾಗ ನೋಡಿದರೆ ಅಲ್ಲಿ ಮರದ ಗುರುತೇ ಇಲ್ಲ — ಕಡಿದರೋ, ಅಥವಾ ನೆರಳಿಗೆಂದು ನಾನೇ ನೆನಪಿನಲ್ಲಿ ನೆಟ್ಟುಕೊಂಡೆನೋ. ನನ್ನ ನೆನಪು ಸಾಮಾನ್ಯವಾಗಿ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಅದು ನನ್ನ ವಿರುದ್ಧ ಹೇಳುವ ಕಡೆಗಳನ್ನು ಮಾತ್ರ ನಂಬಿ ಇದನ್ನು ಬರೆಯುತ್ತಿದ್ದೇನೆ.

ಮಾವನ ಹೆಸರು ಶೀನ ಎಂದಿಟ್ಟುಕೊಳ್ಳಿ. ಉಪ್ಪುಂದದಲ್ಲಿ ಹೆದ್ದಾರಿಗೆ ಮುಖ ಮಾಡಿ ಅವರದೊಂದು ಅಂಗಡಿ — ಮೀನುಗಾರರಿಗೆ ಬೇಕಾದ ಬಲೆ, ನೂಲು, ಹಗ್ಗ. ಅಂಗಡಿಯ ಜಗಲಿಯಲ್ಲಿ ಬಲೆ ಸರಿಪಡಿಸುತ್ತ ಕೂತವರಿಗೆ ದಿನವೂ ಪೇಪರ್ ಓದಿ ಹೇಳುವುದು ಒಂದು ಪದ್ಧತಿಯಾಗಿತ್ತು. ರಜೆಯಲ್ಲಿ ನಾನು ನಮ್ಮೂರು ತಲ್ಲೂರಿನಿಂದ ಅಲ್ಲಿಗೆ ಹೋದರೆ ಆ ಕೆಲಸ ನನ್ನದು. ನಾನು ಗಡಿಬಿಡಿಯಲ್ಲಿ ಓದಿದರೆ ಮಾವ ತಡೆಯುತ್ತಿದ್ದರು. "ನಿಂಗ್ ಗೊತ್ತಾರೆ ಸಾಕಾ? ಆ ಮೂಲಿಯಂಗ್ ಕೂಕಂಡವ್ರಿಗೂ ಅರ್ಥ ಆಯ್ಕ್ ಮಗಾ. ನಿಲ್ಸಿ ನಿಲ್ಸಿ ಓದ್." ನನಗೆ ಸ್ವರ ಅಂತ ಒಂದು ಇದ್ದರೆ ಅದು ಆ ಜಗಲಿಯಲ್ಲಿ ಹುಟ್ಟಿದ್ದು. ಇದನ್ನು ಈಗ ಹೇಳುತ್ತಿದ್ದೇನೆ. ಹೇಳಬೇಕಾಗಿದ್ದ ದಿನ, ಮೈಕ್ ಕೈಯಲ್ಲಿದ್ದಾಗ, ಹೇಳಲಿಲ್ಲ.

ಮಾವನದು ಒಂದು ಸಣ್ಣ ಪಕ್ಷ. ನಮ್ಮ ಕಡೆ ಅದು ಗೆದ್ದದ್ದನ್ನು ನಾನು ನೋಡಿಲ್ಲ. ಊರಲ್ಲಿ ಅದಕ್ಕೆ ಐದಾರು ಜನ. ಸಂಜೆಯಾದರೆ ಅವರೆಲ್ಲ ಮಾವನ ಜಗಲಿಯಲ್ಲಿ. ಅವರಲ್ಲಿ ಬಾಬಣ್ಣ ಎಂಬವರು ಮಾವನ ಬಾಲ್ಯದ ಗೆಳೆಯ. ಚುನಾವಣೆ ಬಂತೆಂದರೆ ಇಬ್ಬರೂ ಸೈಕಲ್ಲಿಗೆ ಬಾವುಟ ಕಟ್ಟಿಕೊಂಡು ಹೊರಡುವರು. ಬೇರೆ ಪಕ್ಷಗಳ ಅಭ್ಯರ್ಥಿಗಳೂ ಮತ ಕೇಳಲು ಅಂಗಡಿಗೆ ಬರುತ್ತಿದ್ದರು. ಬಂದವರನ್ನೆಲ್ಲ ಮಾವ ಕೂರಿಸಿ, ಬೆಲ್ಲ ನೀರು ಕೊಟ್ಟು, ನಗುತ್ತ ಹೇಳುತ್ತಿದ್ದ ಮಾತು ಒಂದೇ: "ಆಸ್ರಿಗ್ ಕುಡ್ಕಂಡ್ ಹೋಯ್ನಿ. ಓಟ್ ಮಾತ್ರ ನಿಮ್ಗಿಲ್ಲೆ." ಕೇಳಿದವರಿಗೆ ಸಿಟ್ಟು ಬರುತ್ತಿರಲಿಲ್ಲ. ಎಲ್ಲರಿಗೂ ಹೂಂ ಎನ್ನುವ ಊರಿನಲ್ಲಿ ಎದುರಿಗೇ ಇಲ್ಲ ಎನ್ನುವ ಒಬ್ಬ ಮನುಷ್ಯ ಸಿಕ್ಕಿದನಲ್ಲ ಎಂದು ಅವರಿಗೂ ಸಮಾಧಾನವಾಗುತ್ತಿತ್ತೇನೋ. ಮತದಾನದ ದಿನ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಮತಗಟ್ಟೆಯಲ್ಲಿ ತಮ್ಮ ಪಕ್ಷದ ಏಜೆಂಟರಾಗಿ ಕೂರುವುದು — ಮಾವನಿಗೆ ಅದೇ ಹಬ್ಬ.

ನಾನು ಎಂ.ಎ. ಮುಗಿಸಿ ಊರಿಗೆ ಬಂದ ಹೊತ್ತಿಗೆ ವಿಧಾನಸಭೆ ಚುನಾವಣೆ ಬಂತು. 2004 ಇರಬೇಕು. ನಾನು ಸೇರಿದ್ದು ನಮ್ಮ ರಾಜ್ಯದ್ದೇ ಆದ ಒಂದು ಪಕ್ಷ. ಹೆಸರು ಇಲ್ಲಿ ಬೇಡ. ದಿಲ್ಲಿಯ ಅಪ್ಪಣೆಗೆ ಕಾಯದೆ, ಕನ್ನಡದಲ್ಲಿ ಯೋಚಿಸುವ ಪಕ್ಷ ಎಂದು ನಂಬಿದ್ದೆ. ಆ ನಂಬಿಕೆ ಸುಳ್ಳಾಗಿರಲಿಲ್ಲ. ಇವತ್ತೂ ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಬೇರೆಯದರ ಬಗ್ಗೆ.

ಬೈಂದೂರಿನ ಮೈದಾನದಲ್ಲಿ ದೊಡ್ಡ ಸಭೆ ಎಂದಾಯಿತು. ಸ್ಪಷ್ಟವಾಗಿ ಮಾತಾಡುತ್ತಾಳೆ ಎಂದು ನಿರೂಪಣೆಯನ್ನು ನನಗೆ ವಹಿಸಿದರು. ಹಿಂದಿನ ದಿನ ಉಪ್ಪುಂದಕ್ಕೆ ಓಡಿದೆ.

"ಮಾವಯ್ಯ, ನಾಳೆ ಬೈಂದೂರಿಗ್ ಬತ್ರಿಯಾ? ಮೈಕಲ್ಲ್ ನಾನೇ ಮಾತಾಡುದ್."

"ನಿಮ್ ಪಕ್ಷದ್ ಸಭೆಗಾ? ನಾನಾ?" ಮಾವ ನಕ್ಕರು.

"ಸಭೆಗಲ್ಲ. ನನ್ ಸ್ವರ ಕೇಂಬುಕೆ."

"ಸ್ವರ ಕೇಂಬುಕಾರೆ ಬತ್ತೆ. ಹಿಂದ್ ನಿಂತ್ಕಂಡ್ ಕೇಣ್ತೆ. ಕುರ್ಚಿಯಂಗ್ ಕೂಕಂತಿಲ್ಲೆ, ಈಗ್ಲೇ ಹೇಳಿದೆ ಕಾಣ್."

ಒಳಗಿನಿಂದ ಅತ್ತೆ ಚುಚ್ಚಿದರು: "ನೀವ್ ಅಲ್ಲಿಗ್ ಹೋರೆ ಬಾಬಣ್ಣ ಸುಮ್ನಿಪ್ನಾ?"

"ಬಾಬಂಗೂ ಇಂಥಾ ಸೊಸಿ ಇದ್ದಿದ್ರೆ ಅವ್ನೂ ಬತ್ತಿದ್ದ."

ಅಷ್ಟು ಹೇಳಿ, ಒಂದು ಷರತ್ತು ಹಾಕಿ, ಒಪ್ಪಿಕೊಂಡರು. ಕೂರುವುದಿಲ್ಲ, ನಿಲ್ಲುತ್ತೇನೆ. ಕುರ್ಚಿಯಲ್ಲಿ ಕೂತವರು ಪಕ್ಷದವರು, ಹಿಂದೆ ನಿಂತವರು ಕೇಳಲು ಬಂದವರು — ಅವರ ಲೆಕ್ಕದಲ್ಲಿ ಅಂತರ ಅಷ್ಟು ಸ್ಪಷ್ಟ. ನನಗೂ ಅದು ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಹೇಳಿಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ.

ಆ ಸಭೆಯನ್ನು ನೀವು ನೋಡಬೇಕಿತ್ತು. ಬೆಳಗ್ಗೆ ಮೀನು ಮಾರಿ ಬಂದ ಹೆಂಗಸರು ಮಿಂದು, ಅಬ್ಬಲಿಗೆ ಮುಡಿದು, ಟೆಂಪೋಗಳಲ್ಲಿ ನಿಂತುಕೊಂಡೇ ಬಂದಿದ್ದರು. ಇಳಿಯುವ ಮೊದಲೇ ಘೋಷಣೆ. ಒಬ್ಬಾಕೆ ನನ್ನ ಮೈಕನ್ನು ಹಿಡಿದೆಳೆದು, "ಹ್ವಾಯ್, ಕಡಲ್ ನಮ್ ಅಂಗಳಕ್ ಬಂತ್, ಗೋಡಿ ಯಾವಾಗ ಕಟ್ತ್ರಿ? ಮೊದ್ಲ್ ಅದ್ ಹೇಳಿ, ಕಡಿಗ್ ಭಾಷಣ" ಎಂದಾಗ ವೇದಿಕೆಯ ಮೇಲಿದ್ದ ನಾಯಕರೂ ನಕ್ಕು ಎದ್ದು ನಿಂತು ಕೈಮುಗಿದರು. ಆ ಬಿಸಿಲು, ಆ ಧೈರ್ಯ, ತಮ್ಮ ಮಾತು ಎಲ್ಲಿಗೋ ತಲುಪುತ್ತದೆ ಎಂಬ ಅವರ ನಂಬಿಕೆ — ಅಷ್ಟು ಚಂದದ ಸಭೆಯನ್ನು ನಾನು ಮತ್ತೆ ನೋಡಲಿಲ್ಲ. ನನ್ನ ತಪ್ಪಿನಿಂದ ಅದರ ಚಂದಕ್ಕೆ ಕುಂದು ತರಲಾರೆ.

ನಮ್ಮ ಕಡೆ ಇಂಥ ಸಭೆಗಳಲ್ಲಿ ಸೇರ್ಪಡೆ ಎಂಬ ಒಂದು ಕಾರ್ಯಕ್ರಮ ಇರುತ್ತದೆ. ಬೇರೆ ಪಕ್ಷದಿಂದ ಬಂದವರ ಹೆಸರು ಕೂಗುವುದು, ಅವರು ವೇದಿಕೆ ಹತ್ತುವುದು, ನಾಯಕರು ಪಕ್ಷದ ಶಾಲು ಹೊದಿಸುವುದು, ಫೋಟೋ. ಶಾಲು ಹೆಗಲಿಗೆ ಬಿತ್ತೆಂದರೆ ಮನುಷ್ಯ ಆ ಪಕ್ಷದವನಾದ. ಅವತ್ತು ಸೇರಬೇಕಿದ್ದವರಲ್ಲಿ ಅರ್ಧ ಜನ ಬಂದಿರಲಿಲ್ಲ. ಸಭೆಯ ಹೊಣೆ ಹೊತ್ತಿದ್ದ ರಾಘಣ್ಣ ವೇದಿಕೆಯ ಪಕ್ಕಕ್ಕೆ ಬಂದು, ಬೆವರು ಒರೆಸಿಕೊಳ್ಳುತ್ತ, "ಎಂತ ಮಾಡುದ್ ಮಾರಾಯ್ತಿ? ಇನ್ನೊಂದ್ ತೂಕದ್ ಹೆಸ್ರ್ ಇಲ್ದಿರೆ ಮರ್ಯಾದಿ ಹೋತ್" ಎಂದರು.

ನಾನು ಬೆರಳು ಎತ್ತಿ ತೋರಿಸಿದೆ. ಜನರ ಗುಂಪು ಕೊನೆಯಾಗುವ ಕಡೆ, ಸೋಡಾ ಗಾಡಿಯ ಹತ್ತಿರ, ಮಾವ ನಿಂತಿದ್ದರು. ನನ್ನ ಸ್ವರ ಕೇಳಲು ಕುತ್ತಿಗೆ ಸ್ವಲ್ಪ ಓರೆ ಮಾಡಿಕೊಂಡು.

"ಶೀನಣ್ಣನಾ? ಅವ್ರ್ ಬಪ್ದಿಲ್ಲ. ನೀ ಕೇಂಡಿದ್ಯಾ?"

"ನಾನ್ ಕರದ್ರೆ ಬತ್ರ್."

ಆ ಮೂರು ಶಬ್ದಗಳನ್ನು ಹೇಳಿದ್ದು ನಾನು. ರಾಘಣ್ಣ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಯಾಕೆ ಹೇಳಿದೆ? ನಾಯಕರು ಸ್ವಲ್ಪ ಮುಂಚೆ ನನ್ನ ಕನ್ನಡವನ್ನು ಹೊಗಳಿದ್ದರು. ಅವರಿಗೆ ಇನ್ನೂ ಏನಾದರೂ ಕೊಡಬೇಕು ಅನ್ನಿಸಿತ್ತು. ಮಾವನ ಪಕ್ಷ ನನಗೆ ಐದಾರು ಮುದುಕರ ಹಟದಂತೆ ಕಾಣುತ್ತಿತ್ತು. ಇಷ್ಟು ಒಳ್ಳೆಯ ಮನುಷ್ಯ ಅಲ್ಲಿ ಯಾಕೆ ವ್ಯರ್ಥವಾಗಬೇಕು ಎಂದು — ಇಲ್ಲ, ಇದು ಆಮೇಲೆ ಹೊಲಿದ ಅಂಗಿ. ಆ ಕ್ಷಣ ಇದ್ದದ್ದು ಜಂಬ ಮಾತ್ರ.

ಕೂಗಿದೆ. "ಉಪ್ಪುಂದದ ಹಿರಿಯರು, ಎಲ್ಲರ ಪ್ರೀತಿಯ ಶೀನಣ್ಣನವರು ಇಂದು ನಮ್ಮ ಪಕ್ಷವನ್ನು ಸೇರುತ್ತಿದ್ದಾರೆ. ದಯವಿಟ್ಟು ವೇದಿಕೆಗೆ ಬರಬೇಕು." ನಿಲ್ಲಿಸಿ ನಿಲ್ಲಿಸಿ, ಮೂಲೆಯವರಿಗೂ ಅರ್ಥವಾಗುವ ಹಾಗೆ.

ಜನ ತಿರುಗಿ ನೋಡಿದರು. ಮಾವ ಬಲಗೈ ಎತ್ತಿ, ಅಂಗೈ ನನ್ನ ಕಡೆ ಮಾಡಿ, ಬೇಡ ಎಂದು ಆಡಿಸಿದರು. ನಾನು ಅದನ್ನು ಕಂಡೆ. ಇಲ್ಲಿ ನನ್ನ ನೆನಪು ತಪ್ಪಿಲ್ಲ. ಅವರು ಬೇಡ ಎನ್ನುತ್ತಿದ್ದಾರೆ ಎಂದೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಮೈಕಿನಲ್ಲಿ ಹೇಳಿದೆ: "ಶೀನಣ್ಣ ಅಲ್ಲಿಂದಲೇ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದಾರೆ — ಜೋರಾಗಿ ಚಪ್ಪಾಳೆ ಬರಲಿ!"

ಹೆಸರು ಕೂಗಿದ್ದನ್ನು ಅವಸರದ ತಪ್ಪು ಎನ್ನಬಹುದು. ಇದನ್ನು ಏನೆನ್ನಲಿ?

ಚಪ್ಪಾಳೆ ಬಿತ್ತು. ಜನ ದಾರಿ ಬಿಟ್ಟರು. ಮಾವ ನಡೆದು ಬಂದರು, ಅವಸರವಿಲ್ಲದೆ, ಅಂಗಡಿಯಿಂದ ಮನೆಗೆ ಹೋಗುವ ಹಾಗೆ. ಮೆಟ್ಟಿಲು ಹತ್ತಿ ನನ್ನ ಎದುರು ನಿಂತರು. ಈಗ ಮೈಕ್ ಕೇಳುತ್ತಾರೆ ಎಂದುಕೊಂಡೆ. ಎಲ್ಲ ಅಭ್ಯರ್ಥಿಗಳಿಗೂ ಹೇಳಿದ ಮಾತನ್ನೇ ಹೇಳುತ್ತಾರೆ. ಅಷ್ಟು ಜನರ ಎದುರು ನಾನು ಸುಳ್ಳಿಯಾಗುತ್ತೇನೆ. ಮೈಕನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದೆ. ಆ ಕೈಗಳನ್ನು ಮಾವ ನೋಡಿದರು. ಆಮೇಲೆ ನಾಯಕರ ಕಡೆ ತಿರುಗಿ ಕುತ್ತಿಗೆ ಬಗ್ಗಿಸಿದರು.

ಶಾಲು ಬಿತ್ತು. ಫೋಟೋ ಆಯಿತು. ಇಳಿಯುವಾಗ ನನ್ನ ಹತ್ತಿರ ಬಂದು, ನನಗೆ ಮಾತ್ರ ಕೇಳುವಂತೆ ಹೇಳಿದರು: "ಗಂಟ್ಲ್ ಒಣ್ಗಿತ್ ನಿಂಗೆ. ಒಂಚೂರ್ ನೀರ್ ಕುಡಿ ಮಗಾ."

ಕೆಳಗೆ ಹೋದವರು ಶಾಲನ್ನು ಮಡಿಸಿ, ಬಿಸಿಲಿಗೆ ಕೂತಿದ್ದ ಒಬ್ಬ ಅಜ್ಜಿಗೆ ತಲೆಗೆ ಹೊದೆಯಲು ಕೊಟ್ಟರು. ಮತ್ತೆ ಸೋಡಾ ಗಾಡಿಯ ಹತ್ತಿರ ಹೋಗಿ, ಸಭೆ ಮುಗಿಯುವವರೆಗೂ ನಿಂತು ನನ್ನ ಮಾತು ಕೇಳಿದರು.

ಪೇಪರಿನಲ್ಲಿ ಫೋಟೋ ಬಂತು. ಬಾಬಣ್ಣ ಅಂಗಡಿಗೆ ಬಂದು ರಸ್ತೆಯಲ್ಲೇ ನಿಂತು ಕೇಳಿದರಂತೆ: "ಹ್ವಾಯ್ ಶೀನ, ಶಾಲ್ ಬೆಚ್ಚಗಿತ್ತಾ?"

"ಸೆಕಿ ಮಾರಾಯ. ಅಲ್ಲೇ ತೆಗ್ದ್ ಕೊಟ್ಟೆ."

"ತೆಗ್ದ್ ಕೊಡುದ್ ಸುಲಭ. ಹಾಯ್ಕಂಬುದ್ ಎಂತಕ್ಕೆ?"

ಸೊಸೆ ಕೇಳದೆ ಕರೆದಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾವ ಹೇಳಲಿಲ್ಲ. ಇದನ್ನೆಲ್ಲ ಅತ್ತೆ ಹೇಳಿ ನನಗೆ ಗೊತ್ತು. ಬಾಬಣ್ಣ ಮತ್ತೆ ಜಗಲಿ ಹತ್ತಲಿಲ್ಲ; ಉಳಿದವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಮತದಾನದ ದಿನ ಏಜೆಂಟರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿಯನ್ನೇ ತೊಟ್ಟು ಹೋಗಿ, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಮತ ಹಾಕಿ, ಬಂದು ಅಂಗಡಿ ತೆರೆದರು.

ಅಮ್ಮ ಮಾತ್ರ ನನ್ನನ್ನು ನಿಲ್ಲಿಸಿ ಕೇಳಿದರು: "ಅಣ್ಣನ್ ಹೆಸ್ರ್ ಕೂಗುಕ್ ಹೇಳದ್ದ್ ಯಾರ್?"

"ರಾಘಣ್ಣ" ಎಂದೆ. ಯೋಚಿಸಲೂ ಇಲ್ಲ. ಅಂದಿನಿಂದ ಅಮ್ಮ ಮದುವೆ ಮನೆಗಳಲ್ಲಿ ರಾಘಣ್ಣನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಎಷ್ಟೋ ಸಮಯದ ಮೇಲೆ ಕೋಟೇಶ್ವರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ ರಾಘಣ್ಣ, "ನಿಮ್ಮಮ್ಮಂಗ್ ಈಗ್ಳೂ ನನ್ ಮೇಲ್ ಸಿಟ್ಟ್. ಇರ್ಲಿ, ಅದೊಂದ್ ನನ್ ಲೆಕ್ಕಕ್ಕೇ ಇರ್ಲಿ" ಎಂದು ನಕ್ಕು ಬಸ್ ಹತ್ತಿದರು. ನಿಜ ಏನೆಂದು ಅವರೂ ಯಾರಿಗೂ ಹೇಳಿರಲಿಲ್ಲ. ನಾನು ಬಸ್ಸಿನ ಹಿಂದೆ ಎರಡು ಹೆಜ್ಜೆ ನಡೆದೆ — ಅಷ್ಟೇ.

ಪಕ್ಷದ ಕೆಲಸ ಬಿಟ್ಟು ಬ್ರಹ್ಮಾವರದಲ್ಲಿ ಕಾಲೇಜು ಸೇರಿದೆ. ಮಕ್ಕಳಿಗೆ ಭಾಷೆ ಕಲಿಸುತ್ತೇನೆ. ನಿಲ್ಲಿಸಿ ಓದಿ ಎನ್ನುತ್ತೇನೆ. ಆ ಮಾತು ಬಾಯಿಗೆ ಬಂದಾಗಲೆಲ್ಲ ಎತ್ತಿದ ಆ ಅಂಗೈ ಕಾಣುತ್ತದೆ. ಅಮ್ಮನಿಗೆ ನಿಜ ಹೇಳಲು ಇಷ್ಟು ವರ್ಷ ಬೇಕಾಯಿತು. ಕಳೆದ ತಿಂಗಳು ಹೇಳಿದೆ. ಅಮ್ಮ ಎದ್ದು ಹೋಗಿ ರಾಘಣ್ಣನ ಮನೆಗೆ ಫೋನ್ ಮಾಡಿದರು.

ಮರುದಿನ ಉಪ್ಪುಂದಕ್ಕೆ ಹೋದೆ. ಮತ್ತೊಂದು ಚುನಾವಣೆ ಹತ್ತಿರ ಬಂದಿದೆ. ಹೆದ್ದಾರಿಯಲ್ಲಿ ಮೈಕ್ ಕಟ್ಟಿದ ಜೀಪುಗಳು. ಮಾವನಿಗೆ ವಯಸ್ಸಾಗಿದೆ, ಆದರೂ ಹಗ್ಗ ಅವರೇ ಸುತ್ತುತ್ತಾರೆ. ಎದುರಿಗೆ ಕೂತು ಹೇಳಿದೆ — ಹೆಸರು ಕೊಟ್ಟದ್ದು ರಾಘಣ್ಣ ಅಲ್ಲ, ನಾನು. ನೀವು ಬೇಡ ಎಂದದ್ದೂ ನನಗೆ ಕಂಡಿತ್ತು.

"ಗೊತ್ತಿತ್ ಮಗಾ," ಎಂದರು. "ನೀ ಬೆರಳ್ ತೋರ್ಸದ್ ಅಲ್ಲಿಂದ್ಲೇ ಕಂಡಿದ್ದೆ."

ಕಂಡಿದ್ದರು. ಕಂಡೇ ಅಷ್ಟು ದೂರ ನಡೆದು ಬಂದಿದ್ದರು. ಅಷ್ಟು ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ಬಾಬಣ್ಣ ಕೋಲೂರಿಕೊಂಡು ಹೋಗುತ್ತಿದ್ದರು. ದಿನವೂ ಅದೇ ಹೊತ್ತಿಗೆ ಹೋಗುತ್ತಾರಂತೆ, ಈ ಕಡೆ ನೋಡದೆ. ಮಾವನ ಕೈ ಹಗ್ಗದ ಮೇಲೆ ನಿಂತಿತು. ಬಾಬಣ್ಣ ತಿರುವು ದಾಟಿದ ಮೇಲೆ ಮತ್ತೆ ಸುತ್ತತೊಡಗಿತು.

ಎದ್ದು ರಸ್ತೆ ದಾಟಿ ಓಡೋಣ ಎನ್ನಿಸಿತು. ಓಡಲಿಲ್ಲ. ಒಂದು ಸಲ ಮಾವನನ್ನು ಕೇಳದೆ ಅವರ ಪರವಾಗಿ ಮಾತಾಡಿದವಳು ನಾನು. ಒಳ್ಳೆಯದಕ್ಕೇ ಆದರೂ ಇನ್ನೊಮ್ಮೆ ಹಾಗೆ ಮಾಡಲಾರೆ. ಅದಕ್ಕೇ ಇಲ್ಲಿಯೂ ಹೆಸರುಗಳನ್ನು ಬದಲಿಸಿದ್ದೇನೆ. ಮಾವ ಹೂಂ ಎಂದ ದಿನ, ಬಾಬಣ್ಣನ ಮನೆಯ ಜಗಲಿಯಲ್ಲಿ ನಿಂತು, ಅವರಿಗೆಲ್ಲ ಅರ್ಥವಾಗುವ ಹಾಗೆ, ನಿಜವಾದ ಹೆಸರು ಹಿಡಿದೇ ಹೇಳುತ್ತೇನೆ.

ಅವತ್ತು ಅಲ್ಲೇ ಕೂತು ಮಾವನನ್ನು ಕೇಳಿದೆ. ಅವರು ಸುತ್ತಿದ ಹಗ್ಗವನ್ನು ಬಿಚ್ಚಿ ಮೊದಲಿನಿಂದ ಸುತ್ತಲು ಶುರುಮಾಡಿದರು. ಅತ್ತೆ ಬೆಲ್ಲ ನೀರು ತಂದಿಟ್ಟರು. ಆಮೇಲೆ ಹೋದಾಗಲೂ ಕೇಳಿದ್ದೇನೆ, ಅದೇ ಮಾತು, ಅಷ್ಟೇ ಮೆಲ್ಲಗೆ:

"ಮಾವಯ್ಯ, ಬಾಬಣ್ಣನ ಹತ್ರ ನಾನೇ ಹೋಯಿ ಹೇಳ್ಲಾ?"