ಹೂವಿನ ತೊಟ್ಟು ಮುಟ್ಟಿ ಮಾತಾಡುವ ಮರದಕ್ಕ

ಬೆಳಗಿನ ಆರು ಗಂಟೆ. ಮೊಣಕಾಲೆತ್ತರದ ಒಣಹುಲ್ಲಿನ ಬಯಲಲ್ಲಿ, ಎಲೆಯೆಲ್ಲ ಉದುರಿಸಿಕೊಂಡ ಮರವೊಂದು ಮೈತುಂಬ ಹಳದಿ ಹೂ ಬಿಟ್ಟು ನಿಂತಿದೆ. ಅದರ ಬುಡದಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡುತ್ತಿದ್ದಾರೆ. ಸಸಿ ಬೆಳೆಸುವವರಿಗೆ ಬೀಜದ ಮರ ಗುರುತಿಸಿಕೊಡುವುದು ಇವರ ಕೆಲಸ. ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಮರದಕ್ಕ.

ವಿದ್ಯುತ್ ತಂತಿ ಎಳೆಯಲು ಈ ಸಾಲಿನ ಮರಗಳನ್ನೆಲ್ಲ ಕಡಿಯಲಿದ್ದಾರೆ. ಅಪರೂಪದ ಜಾತಿಯಾದರೆ ಮಾತ್ರ ಬಿಡುತ್ತಾರೆ. ಈ ಬಯಲಲ್ಲಿ ಅಂಥವು ಒಂಬತ್ತೇ ಇವೆ. ಇದು ಹತ್ತನೆಯದೋ ಅಲ್ಲವೋ ಎಂದು ಮರದಕ್ಕ ಹೇಳಬೇಕು. ಪಕ್ಕದಲ್ಲಿ ಸರ್ವೆಯವರು ಪೆನ್ನು ಹಿಡಿದು ಕಾದಿದ್ದಾರೆ.

ಹೂ ಇರುವುದು ವರ್ಷಕ್ಕೆ ಹತ್ತೇ ದಿನ. ಆಮೇಲೆ ಚಿಗುರಿದರೆ ಅಪರೂಪದ ಜಾತಿ, ಅದನ್ನೇ ಹೋಲುವ ಸಾಮಾನ್ಯ ಜಾತಿ, ಎರಡರ ಎಲೆಗಳೂ ಅವಳಿಜವಳಿ. ಹಾಗಾಗಿ ಮೂವತ್ತು ವರ್ಷದಿಂದ ಆ ಹತ್ತು ದಿನ ಮರದಕ್ಕನಿಗೆ ಪುರುಸೊತ್ತಿಲ್ಲ. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ, ನಲವತ್ತು ಮರಗಳಿಗೆ ಜಾತಿ ಬರೆದ ತಗಡಿನ ಬಿಲ್ಲೆ. ಮಂಡಿ ಆಗಾಗ ಕೈಕೊಡುತ್ತದೆ. "ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಿರಲ್ಲ, ಮರ ಮಾತ್ರ ಒಂದೂ ಮರೆಯಲ್ಲ ನಮ್ಮಮ್ಮ" ಎಂದು ಮಗಳು ಕಾಲೆಳೆಯುತ್ತಾಳೆ.

ಹಾಗಂತ ಎಡವಿಲ್ಲವೆಂದಲ್ಲ. "ಒಂದ್ಸಲ ದೂರದಿಂದ್ಲೇ ಹಳದಿ ನೋಡಿ ಬಿಲ್ಲೆ ಕಟ್ಟಿಬಿಟ್ಟೆ. ಆ ಹೂವು ಮರದ್ದಲ್ಲ, ಮೇಲೆ ಹಬ್ಬಿದ್ದ ಬಳ್ಳಿದು! ಆ ಮರದ ಬೀಜ ಹಾಕಿ ಮುನ್ನೂರು ಸಸಿ ಎಬ್ಬಿಸಿದ್ರು. ಎರಡು ವರ್ಷ ನೀರು ಹೊಯ್ದ ಮೇಲೆ ನೋಡಿದ್ರೆ ಎಲ್ಲಾ ಬೇರೆ ಯಾವುದೋ ಜಾತಿ. ಯಾರೂ ಬೈಲಿಲ್ಲ. ಬೈದಿದ್ರೇ ವಾಸಿಯಿತ್ತು." ಅಂದಿನಿಂದ ಏಣಿ ಹತ್ತಿ, ಹೂವಿನ ತೊಟ್ಟು ಮುಟ್ಟಿ ನೋಡದೆ ಮರದಕ್ಕ ಬಾಯಿ ಬಿಡುವುದಿಲ್ಲ.

ಇವತ್ತೂ ಹತ್ತುತ್ತಾರೆ. ಬಳ್ಳಿಯಿಲ್ಲ, ಹೂ ಮರದ್ದೇ. ಆದರೆ ಅಪರೂಪದ ಜಾತಿಯ ತೊಟ್ಟಿನ ಮೇಲೆ ನವಿರಾದ ರೋಮವಿರಬೇಕು. ಇದು ನುಣ್ಣಗಿದೆ. ಇನ್ನೊಂದು ಕೊಂಬೆ ಬಗ್ಗಿಸುತ್ತಾರೆ, ಮತ್ತೊಂದು. ಎಲ್ಲವೂ ನುಣ್ಣಗೆ.

"ನೀವು ಹೂಂ ಅಂದ್ರೆ ಸಾಕು ಅಕ್ಕಾ, ಬರ್ಕೋತೀನಿ" ಎನ್ನುತ್ತಾರೆ ಸರ್ವೆಯವರು. ಮರ ಉಳಿಯಲಿ ಎಂಬ ಆಸೆ ಅವರಿಗೂ ಇದೆ.

ಮರದಕ್ಕ ಮೊದಲ ಕೊಂಬೆಯ ತೊಟ್ಟನ್ನು ಮತ್ತೊಮ್ಮೆ ಬೆರಳಲ್ಲಿ ಸವರಿ ನೋಡುತ್ತಾರೆ. ಇಳಿದು ಬಂದು, "ಅಲ್ಲ ಸಾರ್. ಇದು ಅದಲ್ಲ" ಎನ್ನುತ್ತಾರೆ. "ಇದಕ್ಕೆ ಸುಳ್ಳು ಹೇಳಿದ್ರೆ, ಆ ಒಂಬತ್ತು ಮರದ ಬಗ್ಗೆ ನಾನು ಹೇಳಿದ್ದನ್ನ ನಾಳೆ ಯಾರು ನಂಬ್ತಾರೆ?"

ಸರ್ವೆಯವರು ಬರೆದುಕೊಂಡು ಪುಸ್ತಕ ಮಡಚುತ್ತಾರೆ. ಮರದಕ್ಕ ತಡೆಯುತ್ತಾರೆ.

"ಇನ್ನೊಂದು ಸಾಲು ಬರೀರಿ ಸಾರ್. ಕಾಯಿ ಬಲಿಯೋ ತನಕ ಕಡೀಬೇಡಿ ಅಂತ. ಬೀಜ ನಾನೇ ಬಂದು ಆರಿಸ್ಕೋತೀನಿ."