ದಾನದ ಬಟ್ಟೆ ಮತ್ತು ಟೈಲರಕ್ಕ

ಬಂದರಿನ ಹಿಂದಿನ ಬೀದಿಯಲ್ಲಿ ಎಲ್ಲರೂ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂದೇ ಹೊಲಿಗೆ ಯಂತ್ರದಿಂದ ಮಕ್ಕಳನ್ನು ದಡ ಸೇರಿಸಿದವಳು. ಆಮೇಲೆ ಶ್ರೀಮಂತ ದೇಶಗಳಿಂದ ಹಳೆ ಬಟ್ಟೆಯ ಮೂಟೆಗಳು ಹಡಗಿನಲ್ಲಿ ಬಂದಿಳಿಯತೊಡಗಿದವು. ಸುಡುಬಿಸಿಲಿನ ಊರಿಗೆ ಹಿಮದ ಕೋಟುಗಳೂ ಬಂದವು. ಬಿಟ್ಟಿ ಅಂಗಿ ಸಿಗುವಾಗ ಹೊಲಿಸುವವರು ಯಾರು? ಯಂತ್ರಕ್ಕೆ ತುಕ್ಕು ಹಿಡಿಯಿತು.

ಒಂದು ಬೆಳಗ್ಗೆ ಅವಳು ಬಟ್ಟೆ ಹಂಚುವ ಕಚೇರಿಗೆ ಹೋಗಿ, "ಇದನ್ನ ನಿಲ್ಲಿಸಿ ಸಾರ್" ಅಂದಳು.

ಜೊತೆಗೆ ಬಂದಿದ್ದ ಮೈದುನನಿಗೆ ಮುಜುಗರವಾಯಿತು. "ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅತ್ತಿಗೆ."

"ಹಲ್ಲು ಎಣಿಸ್ತಾ ಇಲ್ಲ ಕಣೋ. ಆ ಹಸು ನಮ್ಮ ಹೊಲಾನೇ ಮೇಯ್ತಾ ಇದೆ!"

ಅಧಿಕಾರಿ ನಕ್ಕುಬಿಟ್ಟ. ಆದರೆ ಕಳಿಸುವವರನ್ನು ತಡೆಯುವುದು ತನ್ನ ಕೈಲಿಲ್ಲ ಎಂದ.

"ಹಾಗಾದ್ರೆ ನೀವು ಹಂಚೋ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯೋದನ್ನಾದ್ರೂ ನಮಗೆ ಬಿಡಿ. ಕೆಲಸ ಇದ್ರೆ ನಮ್ಮ ಅಂಗಿ ನಾವೇ ಹೊಲ್ಕೋತೀವಿ."

ಆತ ಒಪ್ಪಿದ. ಆ ವರ್ಷ ಬೀದಿಯ ದರ್ಜಿಗಳೆಲ್ಲ ಸೇರಿ ಸಮವಸ್ತ್ರ ಹೊಲಿದರು.

ಮೂಟೆಗಳು ಈಗಲೂ ಬರುತ್ತಲೇ ಇವೆ. ಅವುಗಳ ರಾಶಿ ದಾಟಿ ಹೋಗುವಾಗಲೆಲ್ಲ ಟೈಲರಕ್ಕನಿಗೆ ಒಂದೇ ಯೋಚನೆ: ಎಸೆಯುವಷ್ಟು ಬಟ್ಟೆ ಆ ಶ್ರೀಮಂತ ದೇಶದವರಿಗೆ ಹೊಲಿದುಕೊಟ್ಟವರಾದರೂ ಯಾರು?