ಏಳು ದಿನದ ನೀರು, ಹನ್ನೆರಡು ದಿನದ ನಳ

ಸಾವಂತ್ರೆವ್ವನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಆಕೆ ಗಟ್ಟಿಯಾಗಿ ಬೈಯುತ್ತಿದ್ದರೆ ಪ್ಲಾಟಿನ ಹೆಂಗಸರು ನಗುತ್ತಾರೆ. ಮೆಲ್ಲಗೆ ಮಾತಾಡತೊಡಗಿದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ.

ಪ್ಲಾಟು ಅಂದರೆ ನವಲಗುಂದ ಸೀಮೆಯ ಒಂದು ಪೇಟೆಯ ಹೊರಗೆ, ಎರೆಮಣ್ಣಿನ ಮೇಲೆ ನಿಂತ ಎಂಬತ್ತು ತಗಡಿನ ಮನೆಗಳು. ಮೂರು ವರ್ಷ ಮೇಲಿಂದ ಮೇಲೆ ಹಳ್ಳ ಊರೊಳಗೆ ನುಗ್ಗಿ ಗೋಡೆ ಕಳೆದುಕೊಂಡವರನ್ನು ಆರು ತಿಂಗಳ ಮಟ್ಟಿಗೆ ಎಂದು ತಂದು ಇಲ್ಲಿ ಕೂಡಿಸಿದರು. ಆರು ತಿಂಗಳು ಆರು ವರ್ಷವಾಯಿತು. ನೀರಿಗೆ ಮನೆ ಕಳೆದುಕೊಂಡವರಿಗೆ ನೀರೇ ಇಲ್ಲದ ಜಾಗ ಸಿಕ್ಕಿತು. ಹನ್ನೆರಡು ದಿನಕ್ಕೊಮ್ಮೆ ನಳ ಬರುತ್ತದೆ, ಅದೂ ಎರಡು ತಾಸು. ಅದಕ್ಕೇ ಪ್ರತಿ ಬಾಗಿಲ ಮುಂದೆ ಒಂದು ನೀಲಿ ಬ್ಯಾರಲ್. ತಳದಲ್ಲಿ ಉಳಿದ ಹಳೆಯ ನೀರನ್ನು ಯಾರೂ ಚೆಲ್ಲುವುದಿಲ್ಲ, ಅದರ ಮೇಲೆಯೇ ಹೊಸದನ್ನು ಹಿಡಿಯುತ್ತಾರೆ.

ಬಾಜುದ ಓಣಿಯಲ್ಲೇ ಸಾವಂತ್ರೆವ್ವನ ಮನೆ. ಮೊರಬದಲ್ಲಿ ಹುಟ್ಟಿ, ಏಳನೆಯ ಇಯತ್ತೆ ಕಲಿತು, ಹತ್ತಿ ಜಿನ್ನಿನ ಹಮಾಲ ಶಂಕ್ರಪ್ಪನ ಕೈಹಿಡಿದು ಬಂದವಳು. ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಈ ಕಡೆಯ ಎಷ್ಟೋ ಕೂಸುಗಳ ಮೊದಲ ಅಳು ಕೇಳಿದವಳು.

ಮೊದಲೆಲ್ಲ ಡೆಂಗ್ಯೂ ಅಂದರೆ ಮಳೆಗಾಲದ ಮಾತು. ಈಗ ಯುಗಾದಿಗೆ ಮುಂಚೆಯೇ ತಗಡು ಕಾಯುತ್ತದೆ, ನಡುವೆ ಕಾಲವಲ್ಲದ ಕಾಲದಲ್ಲಿ ಎರಡು ಮಳೆ ಬೀಳುತ್ತದೆ, ಬೆಚ್ಚಗಿನ ಬ್ಯಾರಲ್‌ಗಳಲ್ಲಿ ಸೊಳ್ಳೆಯ ಹುಳ ಮಿಜಿಗುಡುತ್ತದೆ. ಹುಳ ಕಂಡ ನೀರನ್ನು ಚೆಲ್ಲಿಸಬೇಕು, ಬ್ಯಾರಲ್ ಬೋರಲು ಹಾಕಿಸಬೇಕು ಎಂದು ಆಕೆಗೆ ಕಲಿಸಿದ್ದರು. ಹೋದ ವರ್ಷ ಮಾಳಪ್ಪ ಮತ್ತು ಲಕ್ಷ್ಮವ್ವನ ಬಾಗಿಲಲ್ಲಿ ಆಕೆ ಬಗ್ಗಿ ನೋಡಿದಾಗ ಹುಳ ಇತ್ತು. ನಳ ಬಂದು ಮೂರೇ ದಿನವಾಗಿತ್ತು.

"ಅಕ್ಕಾ, ಇದನ್ನ ಚೆಲ್ಲಿದರ ಒಂಬತ್ತ ದಿನ ಏನ್ ಕುಡೀಲಿ? ಕುರಿ ಉಚ್ಚಿ ಕುಡೀಲ್ಯಾ?" ಎಂದು ಲಕ್ಷ್ಮವ್ವ ಅತ್ತಿದ್ದಳು.

ಸಾವಂತ್ರೆವ್ವ ಚೆಲ್ಲಿಸಲಿಲ್ಲ. ಹುಳಕ್ಕೆ ಹಾಕುವ ಹನಿ ಔಷಧ ಕಚೇರಿಯಲ್ಲಿ ಮುಗಿದು ತಿಂಗಳಾಗಿತ್ತು. ಬ್ಯಾರಲ್ಲಿನ ಬಾಯಿಗೆ ಬಟ್ಟೆ ಕಟ್ಟು ಎಂದು ಹೇಳಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ನೋಡಿದ ತಾರೀಕು ಬರೆದು ಮುಂದಿನ ಮನೆಗೆ ಹೋದಳು. ಹದಿನೈದು ದಿನದೊಳಗೆ ಆ ಮನೆಯ ರೇಷ್ಮಾ, ಒಂಬತ್ತು ವರ್ಷದ ಹುಡುಗಿ, ಜ್ವರ ಬಂದ ಆರನೆಯ ದಿನ ಹೋಗಿಬಿಟ್ಟಳು.

ಲಕ್ಷ್ಮವ್ವ ಒಂದು ಮಾತು ಬೈಯಲಿಲ್ಲ. ದಿನಕರ್ಮ ಮುಗಿದ ಮೇಲೆ ಖಾಲಿ ಬ್ಯಾರಲ್ ಉರುಳಿಸಿಕೊಂಡು ಸಾವಂತ್ರೆವ್ವನ ಬಾಗಿಲಿಗೆ ಬಂದಳು. "ಇದನ್ನ ನೀ ಇಟ್ಕೋ ಅಕ್ಕಾ. ಇದರಾಗಿನ ನೀರ ನಮಗ ಗಂಟಲದಾಗ ಇಳಿಯೂದಿಲ್ಲ."

ಆ ಬ್ಯಾರಲ್ ಎಷ್ಟೋ ದಿನ ಅಂಗಳದಲ್ಲಿ ಬಿದ್ದಿತ್ತು. ಒಂದು ಮುಂಜಾನೆ ಪೂಜೆಗೆ ನೀರು ಸೋಸುವಾಗ ಸಾವಂತ್ರೆವ್ವನ ಕೈ ನಿಂತಿತು. ನಾಲ್ಕು ಮಡಿಕೆ ಧೋತರದಲ್ಲಿ ಸೋಸದ ನೀರನ್ನು ಆಕೆಯ ತವರಿನಲ್ಲಿ ಲಿಂಗಕ್ಕೆ ಮುಟ್ಟಿಸುತ್ತಿರಲಿಲ್ಲ. ದೇವರಿಗೆ ಸೋಸುವ ಬಟ್ಟೆಯಲ್ಲಿ ಹುಳ ನಿಲ್ಲುವುದಿಲ್ಲವೆ?

ಅಂದಿನಿಂದ ಖಾಲಿ ಬ್ಯಾರಲ್ ಮನೆ ಮನೆ ತಿರುಗತೊಡಗಿತು. ಒಂದು ಮನೆಯ ನೀರನ್ನು ಅದಕ್ಕೆ ಸೋಸುವುದು. ಬಟ್ಟೆಯನ್ನು ಬಿಸಿಲಿಗೆ ಝಾಡಿಸುವುದು. ಬರಿದಾದ ಬ್ಯಾರಲ್ಲಿನ ಒಳಮೈಗೆ ಮಸಿಚುಕ್ಕೆಯ ಹಾಗೆ ಅಂಟಿದ ಮೊಟ್ಟೆಗಳನ್ನು ಬೂದಿ, ತೆಂಗಿನ ನಾರು ಹಚ್ಚಿ ತಿಕ್ಕಿ ತೆಗೆದು, ನೀರನ್ನು ಮರಳಿ ತುಂಬಿ, ಬಾಯಿ ಬಿಗಿಯುವುದು. ವಾರಕ್ಕೊಮ್ಮೆ ಎಂಬತ್ತು ಮನೆ. ಹೆಂಗಸರು ಗೊಣಗಿದರು, ನಕ್ಕರು. "ಸಾವಂತ್ರೆವ್ವನ ಸೊಸಿ ಬಂತ ಬರ್ರೆವ್ವಾ, ಆರತಿ ತರ್ರಿ" ಎಂದು ಬ್ಯಾರಲ್ಲಿಗೆ ಹಾಸ್ಯ ಮಾಡಿದರು. ಆದರೆ ತಿಕ್ಕಿದರು. ಈ ವರ್ಷ ಪ್ಲಾಟಿನಲ್ಲಿ ಒಂದು ಜ್ವರವೂ ಆಸ್ಪತ್ರೆಯ ತನಕ ಹೋಗಲಿಲ್ಲ.

ಆಗ ಆರೋಗ್ಯ ಕಚೇರಿಯ ಹೊಸ ಸಾಹೇಬರು ಬಂದರು, ಒಬ್ಬ ಸಿಪಾಯಿಯೊಂದಿಗೆ. ಆಶಾಗಳು ಕಳಿಸಬೇಕಾದ ಫೋಟೋಗಳನ್ನು ಮೊಬೈಲಿನಲ್ಲಿ ಹುಡುಕಿ, "ಏನ್ರಿ ಇದು? ಎಂಬತ್ತ ಮನ್ಯಾಗ ಬೋರಲ ಹಾಕಿದ ಫೋಟೋ ಒಂದೂ ಇಲ್ಲಲ್ಲ!" ಎಂದರು.

"ಹುಳ ಇಲ್ರಿ ಸಾಹೇಬ್ರ. ಬಗ್ಗಿ ನೋಡ್ರಿ."

ಸಾಹೇಬರು ಬಸುರಿ ತಬಸುಮ್‌ಳ ಬ್ಯಾರಲ್ಲಿಗೆ ಬ್ಯಾಟರಿ ಬಿಟ್ಟು ನೋಡಿದರು. ತಳದ ತನಕ ಕನ್ನಡಿ. "ನಳ ಬಂದು ಎಷ್ಟ ದಿನ ಆತು?"

"ಒಂಬತ್ತ," ಎಂದಳು ಸಾವಂತ್ರೆವ್ವ.

"ಏಳ ದಿನ ದಾಟಿದ ನೀರ ಚೆಲ್ಲಬೇಕು. ಹುಳ ಇರಲಿ, ಬಿಡಲಿ. ಆದೇಶ ಐತಿ."

"ಮತ್ತ ನಳ ಹನ್ನೆರಡ ದಿನಕ್ಕ ಬಿಡ್ರಿ ಅಂತ ಆದೇಶ ಬರದಾಂವಾ ಯಾರ್ರಿ?" ತಬಸುಮ್ ಕೇಳಿದಳು.

"ಅದು ನಮ್ಮ ಖಾತೆ ಅಲ್ಲ."

ತಬಸುಮ್ ಅವರ ಕೈಯ ನೀರಿನ ಬಾಟಲಿ ಕಸಿದು ತಿರುವಿ ಓದಿದಳು. "ಅಯ್ಯ, ಇದು ತುಂಬಿ ನಾಲ್ಕ ತಿಂಗಳಾತಲ್ಲರಿ! ಇದನ್ನ ಚೆಲ್ಲೂದಿಲ್ಲೇನ್ರಿ ಸಾಹೇಬ್ರ? ಫೋಟೋ ನಾ ಹೊಡೀತೀನಿ."

ಓಣಿಯೆಲ್ಲ ನಕ್ಕಿತು. ಆ ನಗೆಯೇ ಮುಳುವಾಯಿತು. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಸಿಪಾಯಿಯ ಕಡೆ ಕೈ ಮಾಡಿದರು. ಅವನು ಕಾಲು ಕೊಟ್ಟು ಬ್ಯಾರಲ್ಲನ್ನು ನೂಕಿದ. ತುಂಬು ಬಸುರಿಯೊಬ್ಬಳ ಮೂರು ದಿನದ ನೀರು ಬಿರಿದ ಎರೆಯೊಳಗೆ ಇಳಿದುಹೋಯಿತು. ಬಿರುಕು ಕುಡಿಯುವ ಸಪ್ಪಳ ಎಲ್ಲರಿಗೂ ಕೇಳಿಸಿತು. ಸಾಹೇಬರ ಮೊಬೈಲಿಗೆ ಫೋಟೋ ಬಿತ್ತು.

"ಮುಂದಿನ ಬ್ಯಾರಲ್ ನೀವ ಉರುಳಸ್ರಿ," ಎಂದರು ಸಾಹೇಬರು ಸಾವಂತ್ರೆವ್ವನಿಗೆ.

ಆಕೆಯ ದನಿ ಇಳಿಯಿತು. "ನಾ ಉರುಳಸೂದಿಲ್ಲ. ಮುಂದಿನದನ್ನ ನೀವೂ ಮುಟ್ಟಬ್ಯಾಡ್ರಿ."

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬ್ಯಾರಲ್ಲಿಗೆ ಬೆನ್ನು ಕೊಟ್ಟು ನಿಂತರು. ಸಾಹೇಬರು ಗಾಡಿ ಹತ್ತಿದರು. ಆ ಸಂಜೆಯೊಳಗೆ ಇಪ್ಪತ್ತು ಮನೆಯಿಂದ ಒಂದೊಂದು ತಂಬಿಗೆ ನೀರು ತಬಸುಮ್‌ಳ ಬಾಗಿಲಿಗೆ ಬಂತು.

ಮೂರನೆಯ ದಿನ ಸಾವಂತ್ರೆವ್ವನಿಗೆ ನೋಟಿಸು ಬಂತು. ಕರ್ತವ್ಯಲೋಪ, ಮೇಲಧಿಕಾರಿಗೆ ಅಡ್ಡಿ. ಮೂರು ದಿನದಲ್ಲಿ ಲಿಖಿತ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು.

"ತಪ್ಪಾತು ಅಂತ ಎರಡ ಸಾಲು ಗೀಚಿ ಕೊಡ," ಎಂದ ಶಂಕ್ರಪ್ಪ. "ಹದಿನಾಲ್ಕ ವರ್ಷದ ಕೆಲಸ ಐತಿ, ಹಟಾ ಮಾಡಬ್ಯಾಡ."

"ಬರೀತೀನಿ. ತಪ್ಪಾತು ಅಂತನ ಬರೀತೀನಿ."

ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬರೆಯಲು ಕುಳಿತಳು. ಏಳನೆಯ ಇಯತ್ತೆಯ ಅಕ್ಷರ, ಒಂದೊಂದೂ ಜೋಳದ ಕಾಳಿನಷ್ಟು ದಪ್ಪ. ಎರಡು ಪ್ರತಿ ಮುಗಿಯಲು ಮಧ್ಯಾಹ್ನವಾಯಿತು. ಮಡಚಿಕೊಂಡು ಆರೋಗ್ಯ ಕಚೇರಿಗೆ ನಡೆದಳು.

ಗುಮಾಸ್ತ ಓದಿದ. "ಹೋದ ವರ್ಷ ನಾನು ಮಾಳಪ್ಪನವರ ಬ್ಯಾರಲ್ಲಿನ ನೀರು ಚೆಲ್ಲಿಸಲಿಲ್ಲ. ಅವರ ಮಗಳು ರೇಷ್ಮಾ ಡೆಂಗ್ಯೂದಿಂದ ಸತ್ತಳು. ಅದು ನನ್ನ ತಪ್ಪು. ಈ ವರ್ಷವೂ ಚೆಲ್ಲಿಸಲಿಲ್ಲ, ಸೋಸಿದೆ. ಯಾರೂ ಸಾಯಲಿಲ್ಲ. ಇದು ನನ್ನ ತಪ್ಪಲ್ಲ. ಏಳು ದಿನಕ್ಕೊಮ್ಮೆ ನೀರು ಬಿಡಿರಿ, ಆ ದಿನದಿಂದ ಚೆಲ್ಲಿಸುತ್ತೇನೆ."

ಅವನು ಕನ್ನಡಕ ತೆಗೆದ. ಕೆಟ್ಟವನಲ್ಲ, ಹೆದರಿದವನು. "ಅಕ್ಕಾರ, ಕೆಳಗಿಂದು ಹೆಂಗರ ನಡೀತೈತಿ. ಮ್ಯಾಲಿನ ಮೂರ ಸಾಲ ತಗೀರಿ. ನಮ್ಮ ದಾಖಲಿ ಪ್ರಕಾರ ಹೋದ ವರ್ಷ ಇಲ್ಲೆ ಡೆಂಗ್ಯೂದಿಂದ ಯಾರೂ ಸತ್ತಿಲ್ಲ. ಆ ಹುಡುಗೀದು 'ಇತರೆ ಜ್ವರ' ಅಂತ ಹೋಗೇತಿ."

ಸಾವಂತ್ರೆವ್ವ ಮೇಜಿನ ಅಂಚು ಹಿಡಿದಳು. ಒಂದು ವರ್ಷ ಪೂರ್ತಿ ಆ ಕೂಸಿನ ಸಾವನ್ನು ಒಬ್ಬಳೇ ಹೊತ್ತಿದ್ದಳು. ಇವರು ಡೆಂಗ್ಯೂದಿಂದ ಯಾರೂ ಸತ್ತೇ ಇಲ್ಲ ಎಂದು ಬರೆದುಕೊಂಡು ಫ್ಯಾನಿನ ಕೆಳಗೆ ಕೂತಿದ್ದರು.

"ಇತರೆ," ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ಆಕಿ ಹೆಸರು ರೇಷ್ಮಾ ಐತಿ. ಸಾಲ ತಗಿಯೂದಿಲ್ಲ. ಸ್ವೀಕರಿಸೀವಿ ಅಂತ ಸಿಕ್ಕಾ ಹೊಡದ ನನ್ನ ಪ್ರತಿ ನನಗ ಕೊಡ್ರಿ."

"ಕೆಲಸ ಹೋಗತೈತ್ರಿ, ಅಕ್ಕಾರ."

"ಹೋಗವಲ್ದ್ಯಾಕ. ಹೊಡೀರಿ."

ಅವನು ಸುತ್ತ ನೋಡಿದ. ಸಾಹೇಬರ ಕೋಣೆಯ ಬಾಗಿಲು ಮುಚ್ಚಿತ್ತು. ಸಿಕ್ಕಾ ಶಾಯಿಗೆ ಒತ್ತಿ, ಕಾಗದದ ಮೇಲೆ ಇಟ್ಟ. ಅಚ್ಚು ಸರಿಯಾಗಿ ಮೂಡಲಿಲ್ಲ. ಸಾವಂತ್ರೆವ್ವ ಕಾಗದವನ್ನು ಮರಳಿ ಅವನ ಕಡೆಗೆ ಸರಿಸಿದಳು.

"ಇನ್ನೊಮ್ಮೆ," ಎಂದಳು. "ತಾರೀಕು ಕಾಣಬೇಕು."